ಮೊದಲು ಮಾಳಿಗೆ, ಆಮೇಲೆ ಕಂಪ್ಯೂಟರ್
ಕಟ್ಟಡಗಳ ತಂಪು–ಬಿಸಿಯನ್ನು ಕೃತಕ ಬುದ್ಧಿಮತ್ತೆಯ ಕೈಗೆ ಕೊಡುವ ಪ್ರಶ್ನೆ: ಒಂದು ಸಮೀಕ್ಷೆ

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗೋಕಾಕ, ಮೂಡಲಗಿ ಸೀಮೆಯ ಬಿಸಿಲು ಸಾಮಾನ್ಯದ್ದಲ್ಲ. ಮಮದಾಪುರದಂಥ ಊರುಗಳಲ್ಲಿ ಆ ಹೊತ್ತಿಗೆ ಒಂದೇ ಓಣಿಯ ಎರಡು ಮನೆಗಳೊಳಗೆ ಎರಡು ಬಗೆಯ ಹವೆ ಇರುತ್ತದೆ. ದಪ್ಪ ಗೋಡೆಯ, ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆಯ ಪಡಸಾಲೆಯಲ್ಲಿ ಕೂತವರಿಗೆ ಒಂದು ಫ್ಯಾನು ಸಾಕು. ತಗಡಿನ ಪತ್ರಾಸು ಹಾಕಿದ ಮನೆಯಲ್ಲಿ ಅದೇ ಫ್ಯಾನು ಕಾದ ಗಾಳಿಯನ್ನೇ ತಿರುವಿ ಮೈಮೇಲೆ ಹಾಕುತ್ತದೆ. ಅನುಕೂಲವಿದ್ದವರು ಕೂಲರ್ ತರುತ್ತಾರೆ, ಇನ್ನೂ ಅನುಕೂಲವಿದ್ದವರು ಎಸಿ ಕೂರಿಸುತ್ತಾರೆ. ಅತ್ತ ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿ ಎಷ್ಟು ತಂಪು ಬೇಕು, ಯಾವ ಕೋಣೆಗೆ ಬೇಕು, ಯಾವ ಹೊತ್ತಿಗೆ ಬೇಕು ಎಂಬುದನ್ನು ಮನುಷ್ಯರ ಬದಲು ಕಂಪ್ಯೂಟರ್‌ಗಳು ನಿರ್ಧರಿಸತೊಡಗಿವೆ.

ಈ ಹೊಸ ವಿದ್ಯೆಯ ಬಗ್ಗೆ ಎರಡು ಮಾತು ಕೇಳಿಬರುತ್ತಿವೆ. ಕೃತಕ ಬುದ್ಧಿಮತ್ತೆ ಬಂದರೆ ಕಟ್ಟಡಗಳ ವಿದ್ಯುತ್ ಖರ್ಚು ಅರ್ಧಕ್ಕಿಳಿಯುತ್ತದೆ ಎಂಬುದು ಮಾರುವವರ ಮಾತು. ಇದೆಲ್ಲ ಶ್ರೀಮಂತರ ಗಾಜಿನ ಮಹಲುಗಳ ವೈಭವ, ನಮಗೇನು ಸಂಬಂಧ ಎಂಬುದು ಹಳ್ಳಿಯವರ ಮಾತು. ಎರಡೂ ಪೂರ್ತಿ ನಿಜವಲ್ಲ. ಈವರೆಗಿನ ಪುರಾವೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ತಂತ್ರಜ್ಞಾನದಿಂದ ಲಾಭವಿರುವುದು ಖಚಿತ. ಆದರೆ ಅದರ ಸ್ಥಾನ ಸಾಲಿನ ಕೊನೆಯಲ್ಲಿ. ಮಾಳಿಗೆ, ಗೋಡೆ, ನೆರಳು ಮೊದಲು. ಅಳತೆ, ದುರಸ್ತಿ ಆಮೇಲೆ. ಅದಾದ ಮೇಲೆ ಕಂಪ್ಯೂಟರ್. ಈ ಕ್ರಮ ತಪ್ಪಿದರೆ ದುಡ್ಡು ದಂಡ.

ಬೆಳೆಯುತ್ತಿರುವ ಬೇಡಿಕೆ

ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2018ರಲ್ಲಿ ತಂಪುಗೊಳಿಸುವಿಕೆಯ ಬಗ್ಗೆಯೇ ಒಂದು ವರದಿ ಹೊರತಂದಿತು. ಜಗತ್ತಿನ ಕಟ್ಟಡಗಳು ಬಳಸುವ ವಿದ್ಯುತ್ತಿನಲ್ಲಿ ಐದನೇ ಒಂದು ಭಾಗ ಆಗಲೇ ಎಸಿ ಮತ್ತು ಫ್ಯಾನುಗಳ ಪಾಲಾಗಿತ್ತು. ಜಗತ್ತಿನ ಎಸಿಗಳ ಸಂಖ್ಯೆ 160 ಕೋಟಿಯಿಂದ 2050ರ ಹೊತ್ತಿಗೆ 560 ಕೋಟಿಗೆ ಏರಬಹುದು ಎಂದು ಆ ವರದಿ ಅಂದಾಜಿಸಿತು. ಆ ಏರಿಕೆಯಲ್ಲಿ ದೊಡ್ಡ ಪಾಲು ಭಾರತದಂಥ ಬಿಸಿ ದೇಶಗಳದ್ದು.

ಭಾರತ ಸರ್ಕಾರ 2019ರ ಮಾರ್ಚಿನಲ್ಲಿ ತನ್ನದೇ ಶೀತಲೀಕರಣ ಕ್ರಿಯಾ ಯೋಜನೆಯನ್ನು ಪ್ರಕಟಿಸಿತು. ಆಗ ದೇಶದ ಮನೆಗಳಲ್ಲಿ ಎಸಿ ಇದ್ದದ್ದು ಶೇ. 8ರ ಆಸುಪಾಸಿನಲ್ಲಿ. 2017–18ಕ್ಕೆ ಹೋಲಿಸಿದರೆ 2037–38ರ ಹೊತ್ತಿಗೆ ತಂಪಿನ ಒಟ್ಟು ಬೇಡಿಕೆ ಸುಮಾರು ಎಂಟು ಪಟ್ಟು ಆಗುತ್ತದೆ ಎಂದು ಆ ಯೋಜನೆ ಲೆಕ್ಕ ಹಾಕಿತು. ಬೇಡಿಕೆಯನ್ನು ಶೇ. 20–25ರಷ್ಟು, ಅದಕ್ಕೆ ಬೇಕಾಗುವ ಇಂಧನವನ್ನು ಶೇ. 25–40ರಷ್ಟು ತಗ್ಗಿಸುವ ಗುರಿಯನ್ನೂ ಇಟ್ಟುಕೊಂಡಿತು. ಹೊಲದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ, ಕಬ್ಬಿನ ಗಾಣದಲ್ಲಿ ದುಡಿದು ಬಂದವರಿಗೆ ರಾತ್ರಿ ನಿದ್ದೆ ಬರುವಷ್ಟು ತಂಪು ಬೇಕೇ ಬೇಕು. ಅದನ್ನು ವಿಲಾಸವೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಹಾಗಾಗಿ ಎದುರಿಗಿರುವ ಸವಾಲು ತಂಪನ್ನು ಬೇಡವೆನ್ನುವುದಲ್ಲ, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಜನರಿಗೆ ತಂಪು ಸಿಗುವಂತೆ ಮಾಡುವುದು.

ಗಿರಣಿಯಿಂದ ಗಣಿಯವರೆಗೆ

ಕಟ್ಟಡದ ಹವೆಯನ್ನು ಯಂತ್ರದಿಂದ ಹದದಲ್ಲಿಡುವ ಕೆಲಸ ಕೃತಕ ಬುದ್ಧಿಮತ್ತೆಯೊಂದಿಗೆ ಹುಟ್ಟಿದ್ದಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಅಧ್ಯಾಪಕರಾಗಿದ್ದ ವಾರೆನ್ ಜಾನ್ಸನ್ ವಿದ್ಯುತ್ ಥರ್ಮೋಸ್ಟಾಟ್‌ಗೆ ಪೇಟೆಂಟ್ ಪಡೆದದ್ದು 1880ರ ದಶಕದಲ್ಲಿ. ಅದೇ ದಶಕದಲ್ಲಿ ಘಟಪ್ರಭೆಯ ದಂಡೆಯಲ್ಲಿ, ಗೋಕಾಕ ಫಾಲ್ಸಿನ ನೀರಿನ ಬಲ ನೆಚ್ಚಿಕೊಂಡು ನೂಲಿನ ಗಿರಣಿ ತಲೆಯೆತ್ತಿತು. ಹತ್ತಿ ನೂಲಿಗೂ ಹವೆಗೂ ಬಿಡಿಸಲಾಗದ ನಂಟು. ಗಾಳಿ ಒಣಗಿದರೆ ಎಳೆ ಕಡಿಯುತ್ತದೆ, ನೂಲು ಗುಂಜು ಕಟ್ಟುತ್ತದೆ. ತೇವ ಹೆಚ್ಚಾದರೆ ಎಳೆ ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ. ನೂಲುವ ಸಾಲೆಯಲ್ಲಿ ತೇವಾಂಶ ಶೇ. 55–60ರ ಆಸುಪಾಸಿನಲ್ಲಿ ನಿಂತಿರಬೇಕು. ಹೀಗಾಗಿ ಗಿರಣಿಗಳಿಗೆ ಹವೆಯ ನಿಯಂತ್ರಣ ಮೊದಲಿನಿಂದಲೂ ಉತ್ಪಾದನೆಯ ಒಂದು ಭಾಗವೇ ಆಗಿತ್ತು.

ಜಗತ್ತಿನ ಕಥೆಯೂ ಇದೇ. ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ರೂಪಿಸಿದ ಆಧುನಿಕ ಹವಾನಿಯಂತ್ರಣ ವ್ಯವಸ್ಥೆ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದ ಕಾಗದ ಉಬ್ಬದಿರಲೆಂದು ಹುಟ್ಟಿತು. ‘ಏರ್ ಕಂಡಿಷನಿಂಗ್’ ಎಂಬ ಹೆಸರನ್ನು 1906ರಲ್ಲಿ ಬಳಕೆಗೆ ತಂದ ಸ್ಟುವರ್ಟ್ ಕ್ರೇಮರ್ ಹತ್ತಿ ಗಿರಣಿಗಳ ಎಂಜಿನಿಯರ್. ಮನುಷ್ಯರ ಮೈಗೆ ತಂಪು ಬಂದದ್ದು ಸರಕಿನ ಸರದಿ ಮುಗಿದ ಮೇಲೆ.

ಕರ್ನಾಟಕದಲ್ಲಿ ಇದರ ಇನ್ನೊಂದು ಅಧ್ಯಾಯ ಕೋಲಾರದ ಚಿನ್ನದ ಗಣಿಗಳದ್ದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆಯೇ ಕೈಸುಡುವಷ್ಟು ಬಿಸಿ. ಮೇಲಿನಿಂದ ಗಾಳಿಯನ್ನು ತಂಪುಮಾಡಿ ಕೆಳಗೆ ಕಳುಹಿಸದೆ ಅಲ್ಲಿ ಕೆಲಸವೇ ಸಾಧ್ಯವಿರಲಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಆದರೆ ಎಷ್ಟು ಗಾಳಿ, ಎಷ್ಟು ತಂಪು, ಯಾವ ದಾರಿಯಲ್ಲಿ ಎಂಬ ಲೆಕ್ಕ ತಪ್ಪಿದರೆ ಜೀವಕ್ಕೇ ಕುತ್ತು ಎಂಬುದನ್ನು ಅಲ್ಲಿನ ಕಾರ್ಮಿಕರೂ ಎಂಜಿನಿಯರ್‌ಗಳೂ ಅನುಭವದಿಂದ ಬಲ್ಲವರಾಗಿದ್ದರು.

ಕಂಪ್ಯೂಟರ್ ಮಾಡುವ ಕೆಲಸ

ಸಾಮಾನ್ಯ ಥರ್ಮೋಸ್ಟಾಟ್‌ಗೆ ಗೊತ್ತಿರುವುದು ಈ ಕ್ಷಣದ ತಾಪ ಒಂದೇ. ಗೊತ್ತುಪಡಿಸಿದ ಅಂಕಿಗಿಂತ ಬಿಸಿಯಾದರೆ ಯಂತ್ರ ಶುರು, ತಂಪಾದರೆ ಬಂದ್. ನಾಳೆಯ ಬಿಸಿಲಾಗಲಿ, ಸಭಾಂಗಣಕ್ಕೆ ಮೂರು ಗಂಟೆಗೆ ಇನ್ನೂರು ಜನ ಬರುವುದಾಗಲಿ, ಸಂಜೆ ಆರರ ಮೇಲೆ ವಿದ್ಯುತ್ ದರ ಏರುವುದಾಗಲಿ ಅದರ ಲೆಕ್ಕಕ್ಕೆ ಬರುವುದಿಲ್ಲ.

ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ಮೂರು ಕೆಲಸ ಮಾಡುತ್ತದೆ. ಮೊದಲನೆಯದು ಮುನ್ಸೂಚನೆ. ಕಟ್ಟಡದೊಳಗಿನ ಸೆನ್ಸರ್‌ಗಳ ತಿಂಗಳುಗಟ್ಟಲೆಯ ದಾಖಲೆಯಿಂದ ಆ ಕಟ್ಟಡ ಎಷ್ಟು ಬೇಗ ಕಾಯುತ್ತದೆ, ಎಷ್ಟು ನಿಧಾನ ಆರುತ್ತದೆ ಎಂಬುದನ್ನು ಕಲಿಯುತ್ತದೆ. ಹವಾಮಾನ ಮುನ್ಸೂಚನೆಯನ್ನು ಅದಕ್ಕೆ ಸೇರಿಸಿ ಮುಂದಿನ ಕೆಲವು ಗಂಟೆಗಳ ಬೇಡಿಕೆಯನ್ನು ಊಹಿಸುತ್ತದೆ. ಎರಡನೆಯದು ಹೊಂದಾಣಿಕೆ. ದೊಡ್ಡ ಕಟ್ಟಡದಲ್ಲಿ ನೀರು ತಂಪುಮಾಡುವ ಚಿಲ್ಲರ್, ಆ ನೀರನ್ನು ತಳ್ಳುವ ಪಂಪು, ಗಾಳಿ ಬೀಸುವ ಫ್ಯಾನು, ಹೊರಗೆ ಬಿಸಿ ಚೆಲ್ಲುವ ಕೂಲಿಂಗ್ ಟವರ್ ಎಲ್ಲವೂ ಒಂದಕ್ಕೊಂದು ಕಟ್ಟಿಹಾಕಿಕೊಂಡಿವೆ. ಚಿಲ್ಲರ್‌ನ ಹೊರೆ ಇಳಿಸಲು ಹೋದರೆ ಫ್ಯಾನಿನ ಹೊರೆ ಏರಬಹುದು. ಒಟ್ಟು ಖರ್ಚು ಎಲ್ಲಿ ಕನಿಷ್ಠ ಎಂಬುದನ್ನು ಮನುಷ್ಯ ಕ್ಷಣಕ್ಷಣಕ್ಕೂ ಹುಡುಕಲಾರ, ಕಂಪ್ಯೂಟರ್ ಹುಡುಕಬಲ್ಲದು.

ಈ ಹುಡುಕಾಟದಲ್ಲಿ ಎಷ್ಟು ಉಳಿತಾಯ ಅಡಗಿದೆ ಎಂಬುದಕ್ಕೆ ಫ್ಯಾನಿನ ನಿಯಮವೊಂದೇ ಸಾಕು. ಫ್ಯಾನಿನ ವೇಗವನ್ನು ಶೇ. 80ಕ್ಕೆ ಇಳಿಸಿದರೆ ಅದು ಎಳೆಯುವ ವಿದ್ಯುತ್ ಸುಮಾರು ಅರ್ಧಕ್ಕೆ ಬೀಳುತ್ತದೆ, ಏಕೆಂದರೆ ವಿದ್ಯುತ್ ಬಳಕೆ ವೇಗದ ಘನಕ್ಕೆ ಅನುಗುಣ. ಜನವಿಲ್ಲದ ಅಂತಸ್ತಿನಲ್ಲಿ ಪೂರ್ತಿ ವೇಗದಲ್ಲಿ ತಿರುಗುವ ಫ್ಯಾನು ಎಷ್ಟು ದುಂದು ಎಂಬುದು ಇದರಿಂದ ತಿಳಿಯುತ್ತದೆ.

ಮೂರನೆಯದು ದೋಷ ಪತ್ತೆ. ಅರ್ಧ ತೆರೆದು ಸಿಕ್ಕಿಕೊಂಡ ಗಾಳಿಬಾಗಿಲು, ಸೋರುವ ವಾಲ್ವು, ತಪ್ಪು ತೋರಿಸುವ ಸೆನ್ಸರ್, ಒಂದೇ ಕೋಣೆಗೆ ಏಕಕಾಲದಲ್ಲಿ ಬಿಸಿ ಮತ್ತು ತಂಪು ಎರಡನ್ನೂ ಕಳಿಸುವ ತಪ್ಪು ಜೋಡಣೆ ಇಂಥವು ದೊಡ್ಡ ಕಟ್ಟಡಗಳಲ್ಲಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತವೆ. ದಾಖಲೆಯ ಏರಿಳಿತ ನೋಡಿ ‘ಇಲ್ಲೇನೋ ಕೆಟ್ಟಿದೆ’ ಎಂದು ಹೇಳುವುದು ಕಂಪ್ಯೂಟರಿನ ಅತ್ಯಂತ ಉಪಯುಕ್ತ ಕೆಲಸಗಳಲ್ಲೊಂದು. ಜಾಹೀರಾತಿನಲ್ಲಿ ಇದಕ್ಕೆ ಜಾಗ ಕಡಿಮೆ, ಉಳಿತಾಯದಲ್ಲಿ ಪಾಲು ಹೆಚ್ಚು.

ಪುರಾವೆ ಏನು ಹೇಳುತ್ತದೆ

ಈ ಕ್ಷೇತ್ರಕ್ಕೆ ದೊಡ್ಡ ಹೆಸರು ತಂದದ್ದು ಗೂಗಲ್. ಅದರ ಡೀಪ್‌ಮೈಂಡ್ ವಿಭಾಗ 2016ರಲ್ಲಿ ಗೂಗಲ್ ಡೇಟಾ ಸೆಂಟರ್‌ಗಳ ತಂಪಿಗೆ ಖರ್ಚಾಗುವ ವಿದ್ಯುತ್ತನ್ನು ಶೇ. 40ರವರೆಗೆ ಇಳಿಸಿದ್ದಾಗಿ ಪ್ರಕಟಿಸಿತು. ಆಗ ಕಂಪ್ಯೂಟರ್ ಸಲಹೆ ಕೊಡುತ್ತಿತ್ತು, ನಿರ್ವಾಹಕರು ಅದನ್ನು ಜಾರಿಗೆ ತರುತ್ತಿದ್ದರು. 2018ರಲ್ಲಿ ನಿಯಂತ್ರಣವನ್ನೇ ಕಂಪ್ಯೂಟರಿಗೆ ಒಪ್ಪಿಸಲಾಯಿತು. ಅದು ಐದೈದು ನಿಮಿಷಕ್ಕೊಮ್ಮೆ ಸಾವಿರಾರು ಸೆನ್ಸರ್‌ಗಳ ಸ್ಥಿತಿ ನೋಡಿ ಮುಂದಿನ ಹೆಜ್ಜೆ ಆರಿಸುತ್ತಿತ್ತು. ಆ ಹೆಜ್ಜೆ ಸುರಕ್ಷತೆಯ ಮಿತಿಯೊಳಗಿದೆಯೇ ಎಂದು ಸ್ಥಳೀಯ ವ್ಯವಸ್ಥೆ ತಾಳೆ ನೋಡುತ್ತಿತ್ತು. ಬೇಕೆಂದಾಗ ಹಿಡಿತವನ್ನು ಕೈಗೆ ತೆಗೆದುಕೊಳ್ಳುವ ಅಧಿಕಾರ ನಿರ್ವಾಹಕರಲ್ಲೇ ಉಳಿದಿತ್ತು. ಆಗ ವರದಿಯಾದ ಉಳಿತಾಯ ಸರಾಸರಿ ಶೇ. 30ರ ಆಸುಪಾಸು.

ಡೇಟಾ ಸೆಂಟರ್ ಅಂದರೆ ಹಗಲು ರಾತ್ರಿ ಒಂದೇ ಸಮ ಬಿಸಿ ಉಗುಳುವ, ಹೆಜ್ಜೆಹೆಜ್ಜೆಗೂ ಸೆನ್ಸರ್ ಇರುವ, ಬಾಗಿಲು ತೆಗೆದು ಹಾಕುವ ಜನರೇ ಇಲ್ಲದ ಕಟ್ಟಡ. ಸಾಮಾನ್ಯ ಕಟ್ಟಡದ ಮಾತೇ ಬೇರೆ. ಅದೇ ಡೀಪ್‌ಮೈಂಡ್ ತಂಡ ಹವಾನಿಯಂತ್ರಣ ಯಂತ್ರಗಳ ಟ್ರೇನ್ ಕಂಪನಿಯ ಜೊತೆ ಎರಡು ವಾಣಿಜ್ಯ ತಾಣಗಳಲ್ಲಿ ನಡೆಸಿದ ಪ್ರಯೋಗದ ಫಲ 2022ರಲ್ಲಿ ಪ್ರಕಟವಾಯಿತು: ಒಂದು ಕಡೆ ಸುಮಾರು ಶೇ. 9, ಇನ್ನೊಂದು ಕಡೆ ಸುಮಾರು ಶೇ. 13. ನ್ಯೂಯಾರ್ಕಿನ 45 ಬ್ರಾಡ್‌ವೇ ಎಂಬ ಕಚೇರಿ ಕಟ್ಟಡದಲ್ಲಿ ಮಾಂಟ್ರಿಯಲ್‌ನ ಬ್ರೇನ್‌ಬಾಕ್ಸ್ ಎಐ ಕಂಪನಿಯ ವ್ಯವಸ್ಥೆ ಹನ್ನೊಂದು ತಿಂಗಳಲ್ಲಿ ತಂಪು–ಬಿಸಿಯ ಖರ್ಚನ್ನು ಶೇ. 15.8ರಷ್ಟು ಇಳಿಸಿದ್ದು ವರದಿಯಾಗಿದೆ.

ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ 2016ರಿಂದ 2020ರವರೆಗೆ ನಡೆಸಿದ ಅಭಿಯಾನ ಇನ್ನಷ್ಟು ಗಟ್ಟಿ ಆಧಾರ ಕೊಡುತ್ತದೆ, ಏಕೆಂದರೆ ಅದು ಸಾವಿರಾರು ಕಟ್ಟಡಗಳನ್ನು ಒಳಗೊಂಡಿತ್ತು. ಬರೀ ಅಂಕಿಅಂಶ ತೋರಿಸುವ ವ್ಯವಸ್ಥೆ ಹಾಕಿಕೊಂಡವರಿಗೆ ಎರಡು ವರ್ಷದ ಮೇಲೆ ಮಧ್ಯಾಂಕ ಉಳಿತಾಯ ಶೇ. 3. ದೋಷ ಪತ್ತೆಯ ವ್ಯವಸ್ಥೆ ಹಾಕಿಕೊಂಡವರಿಗೆ ಶೇ. 9. ಅಂಕಿ ನೋಡಿದ್ದರಿಂದ ಸಿಗುವುದು ಸ್ವಲ್ಪ, ಕೆಟ್ಟದ್ದನ್ನು ರಿಪೇರಿ ಮಾಡಿದ್ದರಿಂದ ಸಿಗುವುದು ಅದರ ಮೂರು ಪಟ್ಟು.

ಇವೆಲ್ಲವನ್ನೂ ಕೂಡಿಸಿ ಹೇಳುವುದಾದರೆ, ಸಾಮಾನ್ಯ ದೊಡ್ಡ ಕಟ್ಟಡದಲ್ಲಿ ಒಂದಂಕಿಯ ಮೇಲ್ತುದಿಯಿಂದ ಶೇ. 15ರ ಸುತ್ತಮುತ್ತಲಿನ ಉಳಿತಾಯ ನಂಬಬಹುದಾದ ಮಾತು. ಶೇ. 40 ಎಂದು ಯಾರಾದರೂ ಬರೆದುಕೊಟ್ಟರೆ ಆ ಕಟ್ಟಡ ಮೊದಲು ಎಷ್ಟು ಹದಗೆಟ್ಟಿತ್ತು ಎಂದು ಕೇಳಬೇಕು.

ಕರ್ನಾಟಕದ ಪಾಠ

ಕಂಪ್ಯೂಟರ್‌ಗಿಂತ ಮೊದಲು ಕಟ್ಟಡ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಬೆಂಗಳೂರಿನ ಇನ್ಫೋಸಿಸ್ ಕಂಪನಿಯ ಹೈದರಾಬಾದ್ ಕ್ಯಾಂಪಸ್‌ನಲ್ಲಿದೆ. 2011ರಲ್ಲಿ ಅಲ್ಲಿ ಒಂದೇ ಕಟ್ಟಡವನ್ನು ಸರಿಸಮನಾದ ಎರಡು ಭಾಗ ಮಾಡಿ ಕಟ್ಟಲಾಯಿತು. ಒಂದು ಭಾಗಕ್ಕೆ ಎಂದಿನಂತೆ ತಂಪು ಗಾಳಿ ಬೀಸುವ ವ್ಯವಸ್ಥೆ, ಅದೂ ಚೆನ್ನಾಗಿ ಹದಗೊಳಿಸಿದ್ದು. ಇನ್ನೊಂದು ಭಾಗದ ಕಾಂಕ್ರೀಟ್ ಚಪ್ಪಡಿಯೊಳಗೆ ಕೊಳವೆ ಹಾಯಿಸಿ ತಂಪು ನೀರು ಹರಿಸುವ ವ್ಯವಸ್ಥೆ. ಅಷ್ಟೇ ಗಾತ್ರದ ಗಾಳಿಗೆ ಹೋಲಿಸಿದರೆ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಬಿಸಿಯನ್ನು ಹೊತ್ತೊಯ್ಯುತ್ತದೆ. ಎರಡು ವರ್ಷ ಅಳೆದು ನೋಡಿದಾಗ ನೀರಿನ ಭಾಗ ಶೇ. 34ರಷ್ಟು ಕಡಿಮೆ ವಿದ್ಯುತ್ ಬಳಸಿತ್ತು. ಬಿಸಿಲು ನೇರ ಒಳಬಾರದ ಕಿಟಕಿ, ಬಿಸಿ ತಡೆಯುವ ಗೋಡೆ ಮತ್ತು ಸೂರು ಎರಡೂ ಭಾಗಕ್ಕೆ ಇದ್ದವು. ಮೇಲೆ ಹೇಳಿದ ವಾಣಿಜ್ಯ ಕಟ್ಟಡಗಳಲ್ಲಿ ಕಂಪ್ಯೂಟರ್ ಬುದ್ಧಿವಂತಿಕೆ ತೋರಿಸಿದ ಉಳಿತಾಯಕ್ಕಿಂತ ವಿನ್ಯಾಸದ ಆ ಒಂದು ತೀರ್ಮಾನದ ಉಳಿತಾಯ ದೊಡ್ಡದು.

ಬೆಂಗಳೂರಿನ ದೊಮ್ಮಲೂರಿನಲ್ಲಿರುವ, ಇಂಧನ ಸಂಶೋಧನೆಯ ಟೆರಿ ಸಂಸ್ಥೆಯ ಕಟ್ಟಡ ಇನ್ನೂ ಒಂದು ಹೆಜ್ಜೆ ಮುಂದೆ. ವಾಸ್ತುಶಿಲ್ಪಿ ಸಂಜಯ್ ಮೋಹೆ ಅದರ ದಕ್ಷಿಣದ ಗೋಡೆಯನ್ನು ಕಪ್ಪಾಗಿಸಿ ಬಿಸಿಲಿಗೆ ಒಡ್ಡಿದರು. ಅಲ್ಲಿ ಕಾದ ಗಾಳಿ ಮೇಲೇರಿ ಹೊರಹೋಗುವಾಗ ಉತ್ತರದ ಕಡೆಯಿಂದ ತಂಪು ಗಾಳಿ ತಾನಾಗಿ ಒಳಗೆ ಬರುತ್ತದೆ. ಅಲ್ಲಿನ ಕಚೇರಿಗಳು ಬಹುಪಾಲು ಎಸಿ ಇಲ್ಲದೆ ನಡೆಯುವಂತೆ ಅದನ್ನು ರೂಪಿಸಲಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ, ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಒತ್ತುಮಣ್ಣಿನ ಇಟ್ಟಿಗೆಗಳ ಮೇಲೆ ಮಾಡಿದ ಕೆಲಸ ಕೂಡ ಇದೇ ಸಾಲಿಗೆ ಸೇರಬೇಕು. ಹಳ್ಳಿಯ ಮಣ್ಣನ್ನೇ ಸ್ವಲ್ಪ ಸಿಮೆಂಟಿನೊಂದಿಗೆ ಒತ್ತಿ, ಸುಡದೆ, ಬಾಳಿಕೆಯ ಗೋಡೆ ಕಟ್ಟುವ ವಿದ್ಯೆ ಅದು.

ಕಂಪ್ಯೂಟರಿನ ಕಡೆಯಿಂದ ಬಂದವರಲ್ಲಿ 75ಎಫ್ ಕಂಪನಿ ಗಮನ ಸೆಳೆಯುತ್ತದೆ. ದೀಪಿಂದರ್ ಸಿಂಗ್ 2012ರಲ್ಲಿ ಚಳಿಗೆ ಹೆಸರಾದ ಅಮೆರಿಕದ ಮಿನೆಸೋಟದಲ್ಲಿ ಶುರುಮಾಡಿದ ಈ ಕಂಪನಿಯ ತಂತ್ರಜ್ಞರ ದೊಡ್ಡ ತಂಡ ಬೆಂಗಳೂರಿನಲ್ಲಿದೆ. ತಂತಿ ಎಳೆಯದೆ ಕೂರಿಸಬಹುದಾದ ಸೆನ್ಸರ್, ದೂರದಿಂದ ಲೆಕ್ಕ ಮಾಡುವ ತಂತ್ರಾಂಶ ಇದರ ಬಂಡವಾಳ. ಹಳೆಯ ಕಟ್ಟಡ ಒಡೆಯದೆ ನಿಯಂತ್ರಣ ಸುಧಾರಿಸುವುದಕ್ಕೆ ಇಂಥ ದಾರಿ ಬೇಕು. ಅಲ್ಲಿ ಬಿಸಿ ಹಂಚಲು ಹುಟ್ಟಿದ ಲೆಕ್ಕವೇ ಇಲ್ಲಿ ತಂಪು ಹಂಚಲು ಬರುತ್ತದೆ. ಮಿನೆಸೋಟದ ಕಟ್ಟಡಕ್ಕೂ ಬೆಂಗಳೂರಿನ ಕಚೇರಿಗೂ ಗಣಿತ ಒಂದೇ, ದಿಕ್ಕು ಮಾತ್ರ ತಿರುಗುಮುರುಗು.

ಎಷ್ಟು ತಂಪು ಸಾಕು?

ಕಂಪ್ಯೂಟರಿಗೆ ಗುರಿ ಹೇಳುವವರು ನಾವೇ. ಗುರಿಯೇ ತಪ್ಪಾದರೆ ಅದು ತಪ್ಪನ್ನೇ ಅಚ್ಚುಕಟ್ಟಾಗಿ ಮಾಡುತ್ತದೆ. ಹೊರಗೆ 36 ಡಿಗ್ರಿ ಇರುವಾಗ ಒಳಗೆ 20 ಡಿಗ್ರಿ ಮಾಡಿ ಸ್ವೆಟರ್ ಹಾಕಿಕೊಂಡು ಕೂರುವ ಕಚೇರಿಗೆ ಯಾವ ತಂತ್ರಾಂಶವೂ ಪರಿಹಾರ ಕೊಡಲಾರದು.

ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತದ ಬೇರೆ ಬೇರೆ ಹವೆಯ ನಗರಗಳ ಕಚೇರಿಗಳಲ್ಲಿ ಕೆಲಸ ಮಾಡುವವರನ್ನೇ ಕೇಳಿ, ಅಳೆದು, ಭಾರತೀಯರ ಹಿತದ ಮಾದರಿಯೊಂದನ್ನು ರೂಪಿಸಿದರು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಅದರ ಪ್ರಕಾರ ಕಿಟಕಿ ತೆರೆದ, ಎಸಿ ಇಲ್ಲದ ಕಟ್ಟಡದಲ್ಲಿ ಹಿತವೆನಿಸುವ ತಾಪವು ಹಿಂದಿನ ಮೂವತ್ತು ದಿನಗಳ ಹೊರಗಿನ ಸರಾಸರಿಯನ್ನು ಅವಲಂಬಿಸುತ್ತದೆ. ಹೊರಗಿನ ಸರಾಸರಿ 30 ಡಿಗ್ರಿ ಇದ್ದರೆ ಒಳಗೆ ಸುಮಾರು 29 ಡಿಗ್ರಿ ಹಿತ, ಅದರ ಆಚೀಚೆ ಎರಡು ಡಿಗ್ರಿಗೂ ಜನ ಹೊಂದಿಕೊಳ್ಳುತ್ತಾರೆ. ಮೈ ಋತುವಿನೊಂದಿಗೆ ಹೊಂದಿಕೊಳ್ಳುತ್ತದೆ ಎಂದು ಹಳ್ಳಿಯವರು ಅನುಭವದಿಂದ ಹೇಳುತ್ತಿದ್ದುದು ಈಗ ಸಂಹಿತೆಯ ಸೂತ್ರ.

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2020ರ ಜನವರಿಯಿಂದ ನಕ್ಷತ್ರ ಗುರುತಿನ ಎಸಿಗಳು ಶುರುವಾದಾಗ 24 ಡಿಗ್ರಿಯಲ್ಲೇ ನಿಲ್ಲಬೇಕೆಂದು ಕಡ್ಡಾಯ ಮಾಡಿತು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಬ್ಯೂರೋದ ಲೆಕ್ಕ. 20ರಿಂದ 24ಕ್ಕೆ ಏರಿಸುವುದೊಂದರಿಂದಲೇ ಸಿಗುವ ಉಳಿತಾಯ ಮೇಲೆ ಹೇಳಿದ ಕೃತಕ ಬುದ್ಧಿಮತ್ತೆಯ ಬಹುಪಾಲು ಪ್ರಯೋಗಗಳ ಫಲವನ್ನು ಮೀರಿಸುತ್ತದೆ. ಅದಕ್ಕೆ ಬೇಕಾದದ್ದು ರಿಮೋಟಿನ ಮೇಲೆ ಒಂದು ಬೆರಳು.

ಹೊತ್ತಿನ ಲೆಕ್ಕ

ಹಾಗಾದರೆ ಕೃತಕ ಬುದ್ಧಿಮತ್ತೆಗೆ ತನ್ನದೇ ಎನ್ನುವ ಕ್ಷೇತ್ರ ಯಾವುದು? ನನ್ನ ಅಭಿಪ್ರಾಯದಲ್ಲಿ ಅದು ಹೊತ್ತಿನ ಲೆಕ್ಕ. ಕರ್ನಾಟಕದಲ್ಲಿ ಹಗಲು ಸೌರ ವಿದ್ಯುತ್ ಧಾರಾಳ. ಪಾವಗಡದ ಸೌರ ಪಾರ್ಕ್ ಒಂದರದೇ ಸಾಮರ್ಥ್ಯ 2050 ಮೆಗಾವ್ಯಾಟ್. ಸೂರ್ಯ ಮುಳುಗಿದ ಮೇಲೆ ದೀಪ, ಟಿವಿ, ಎಸಿ, ಅಡುಗೆಮನೆ ಎಲ್ಲವೂ ಒಟ್ಟಿಗೆ ವಿದ್ಯುತ್ ಕೇಳುತ್ತವೆ. ಕೇಂದ್ರ ಸರ್ಕಾರ 2023ರಲ್ಲಿ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿ, ಸೌರ ಹೊತ್ತಿನಲ್ಲಿ ದರ ಕಡಿಮೆ, ಸಂಜೆಯ ಗರಿಷ್ಠ ಬೇಡಿಕೆಯ ಹೊತ್ತಿನಲ್ಲಿ ದರ ಹೆಚ್ಚು ಎಂಬ ಪದ್ಧತಿಗೆ ದಾರಿ ಮಾಡಿತು. 10 ಕಿಲೋವ್ಯಾಟ್‌ಗಿಂತ ದೊಡ್ಡ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್‌ನಿಂದ ಎಂದು ಗಡುವು ಇಟ್ಟಿತು.

ಕಟ್ಟಡದ ದಪ್ಪ ಕಾಂಕ್ರೀಟು, ತಂಪು ನೀರಿನ ಟ್ಯಾಂಕು, ಮಂಜುಗಡ್ಡೆ ಇವೆಲ್ಲ ತಂಪನ್ನು ಕೂಡಿಡುವ ಸಾಧನಗಳು. ಮಧ್ಯಾಹ್ನ ಅಗ್ಗದ ಸೌರ ವಿದ್ಯುತ್ತಿನಲ್ಲಿ ತಂಪನ್ನು ಕೂಡಿಟ್ಟು ಸಂಜೆ ಬಳಸಬಹುದು. ಎಷ್ಟು ಕೂಡಿಡಬೇಕು, ನಾಳೆ ಮೋಡ ಕವಿದರೆ ಏನು ಮಾಡಬೇಕು ಎಂಬುದು ಗಂಟೆಗಂಟೆಗೂ ಬದಲಾಗುವ ಲೆಕ್ಕ. ಹವಾಮಾನ, ದರ, ಜನಸಂದಣಿ ಮೂರನ್ನೂ ಒಟ್ಟಿಗೆ ತೂಗುವ ಈ ಕೆಲಸದಲ್ಲಿ ಕಂಪ್ಯೂಟರ್ ಮನುಷ್ಯನಿಗಿಂತ ಮುಂದಿದೆ. ಸೌರಶಕ್ತಿಯಲ್ಲಿ ಮುಂದಿರುವ ನಮ್ಮ ರಾಜ್ಯಕ್ಕೆ ಇದಕ್ಕಿಂತ ಒಗ್ಗುವ ಬಳಕೆ ಇನ್ನೊಂದಿಲ್ಲ.

ಎಚ್ಚರ ವಹಿಸಬೇಕಾದ ಕಡೆಗಳು

ಮೊದಲ ಆಕ್ಷೇಪ ಕೃತಕ ಬುದ್ಧಿಮತ್ತೆಯೇ ವಿದ್ಯುತ್ ನುಂಗುತ್ತದೆ ಎಂಬುದು. ನಿಜ. ಜಗತ್ತಿನ ಡೇಟಾ ಸೆಂಟರ್‌ಗಳು 2024ರಲ್ಲಿ ಒಟ್ಟು ವಿದ್ಯುತ್ತಿನ ಸುಮಾರು ಶೇ. 1.5ರಷ್ಟನ್ನು ಬಳಸಿದವು, 2030ರ ಹೊತ್ತಿಗೆ ಅವುಗಳ ಬಳಕೆ ದುಪ್ಪಟ್ಟು ಮೀರಬಹುದು ಎಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜಿಸಿದೆ. ಆದರೆ ಕಟ್ಟಡದ ಹವೆ ನಿಯಂತ್ರಿಸುವ ಮಾದರಿಗಳು ಬಹುಮಟ್ಟಿಗೆ ಚಿಕ್ಕವು. ಹರಟೆ ಹೊಡೆಯುವ, ಚಿತ್ರ ಬರೆಯುವ ದೈತ್ಯ ಮಾದರಿಗಳ ಹೊಟ್ಟೆ ಇವಕ್ಕಿಲ್ಲ. ಹೆಚ್ಚು ಕಾಡುವ ಸಂಗತಿ ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗಾಗಿ ಪರದಾಡಿದ್ದನ್ನು ನಾಡೇ ನೋಡಿದೆ. ಕೂಲಿಂಗ್ ಟವರ್‌ಗಳು ನೀರನ್ನು ಆವಿಮಾಡಿ ಬಿಸಿ ಚೆಲ್ಲುತ್ತವೆ. ವಿದ್ಯುತ್ ಉಳಿಸುವುದಷ್ಟನ್ನೇ ಗುರಿಯಾಗಿ ಕೊಟ್ಟರೆ ಕಂಪ್ಯೂಟರ್ ನೀರನ್ನು ಹೆಚ್ಚು ಸುರಿಯುವ ದಾರಿ ಹಿಡಿಯಬಹುದು. ನೀರಿನ ಲೆಕ್ಕವನ್ನೂ ಗುರಿಯೊಳಗೆ ಸೇರಿಸಬೇಕು.

ಎರಡನೆಯದು ಭದ್ರತೆ. ಅಮೆರಿಕದ ಟಾರ್ಗೆಟ್ ಅಂಗಡಿ ಸಮೂಹದಿಂದ 2013ರಲ್ಲಿ ಸುಮಾರು ನಾಲ್ಕು ಕೋಟಿ ಗ್ರಾಹಕರ ಕಾರ್ಡ್ ಮಾಹಿತಿ ಕಳುವಾಯಿತು. ಕಳ್ಳರು ಒಳನುಗ್ಗಿದ್ದು ಅಂಗಡಿಗಳ ಹವಾನಿಯಂತ್ರಣದ ಕೆಲಸ ಮಾಡುತ್ತಿದ್ದ ಗುತ್ತಿಗೆ ಕಂಪನಿಯ ಪಾಸ್‌ವರ್ಡ್ ಹಿಡಿದು. ಹವೆಯ ಯಂತ್ರವನ್ನು ಅಂತರ್ಜಾಲಕ್ಕೆ ಕಟ್ಟುವಾಗ ಈ ಘಟನೆ ನೆನಪಿರಬೇಕು. ಯಾವ ಕೋಣೆಯಲ್ಲಿ ಯಾರು ಎಷ್ಟು ಹೊತ್ತು ಇದ್ದರು ಎಂಬ ದಾಖಲೆಯೂ ಖಾಸಗಿ ಮಾಹಿತಿಯೇ. ತಂಪಿನ ನೆಪದಲ್ಲಿ ನೌಕರರ ಮೇಲೆ ಕಣ್ಣಿಡುವುದು ಸಲ್ಲದು.

ಮೂರನೆಯದು ಗ್ಯಾಸು. ಎಸಿಗಳಲ್ಲಿ ಬಳಸುವ ಆರ್-410ಎ ಎಂಬ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು ಎರಡು ಸಾವಿರ ಪಟ್ಟು ಭೂಮಿಯನ್ನು ಕಾಯಿಸಬಲ್ಲದು. ಆರ್-32ರದ್ದು 675 ಪಟ್ಟು, ಪ್ರೊಪೇನ್ ಬಳಸುವ ಯಂತ್ರಗಳದ್ದು ನಗಣ್ಯ. ಇಂಥ ಅನಿಲಗಳನ್ನು ಹಂತಹಂತವಾಗಿ ತಗ್ಗಿಸುವ ಕಿಗಾಲಿ ಒಪ್ಪಂದಕ್ಕೆ ಭಾರತ 2021ರಲ್ಲಿ ಅನುಮೋದನೆ ಕೊಟ್ಟಿದೆ. ಗ್ಯಾಸ್ ಸೋರುತ್ತಿದ್ದರೆ ವಿದ್ಯುತ್ ಉಳಿಸಿಯೂ ಫಲವಿಲ್ಲ.

ನಾಲ್ಕನೆಯದು ಮನುಷ್ಯರು. ಚಿಲ್ಲರ್ ಕೋಣೆಯ ನಿರ್ವಾಹಕನಿಗೆ ಅರ್ಥವಾಗದ ವ್ಯವಸ್ಥೆಯನ್ನು ಅವನು ಮೊದಲ ತೊಂದರೆಯಲ್ಲೇ ಬಂದ್ ಮಾಡುತ್ತಾನೆ. ಅವನ ಭಾಷೆಯಲ್ಲಿ, ಅವನಿಗೆ ತಿಳಿಯುವ ಕಾರಣ ಕೊಟ್ಟು ಮಾತಾಡುವ ವ್ಯವಸ್ಥೆ ಮಾತ್ರ ಬಾಳುತ್ತದೆ. ‘ಮೂರನೇ ಅಂತಸ್ತಿನ ವಾಲ್ವು ಸೋರುತ್ತಿದೆ’ ಎಂಬ ಸಂದೇಶ ಕನ್ನಡದಲ್ಲಿ ಬರುವುದು ಭಾಷಾಭಿಮಾನದ ಬೇಡಿಕೆಯಷ್ಟೇ ಅಲ್ಲ, ಯಂತ್ರ ಚೆನ್ನಾಗಿ ನಡೆಯಲು ಬೇಕಾದ ಸೌಕರ್ಯ.

ಗೋಕಾಕ ಸೀಮೆಗೆ ಏನು?

ಮಮದಾಪುರದ ಮನೆಗೆ ಕೃತಕ ಬುದ್ಧಿಮತ್ತೆ ಬೇಕಿಲ್ಲ. ಅದಕ್ಕೆ ಬೇಕಾದದ್ದು ಬಿಸಿ ತಡೆಯುವ ಸೂರು. ಪತ್ರಾಸಿನ ಕೆಳಗೆ ಒಂದು ಒಳಸೂರು, ಕಾಂಕ್ರೀಟ್ ಚಾವಣಿಯ ಮೇಲೆ ಸುಣ್ಣದ ಬಿಳಿ ಬಳಿತ, ಪಶ್ಚಿಮದ ಗೋಡೆಗೆ ಮರದ ನೆರಳು, ಮೇಲುಗಡೆ ಬಿಸಿಗಾಳಿ ಹೊರಹೋಗಲು ಬೆಳಕಿಂಡಿ. ತೆಲಂಗಾಣ 2023ರಲ್ಲೇ ತಂಪು ಚಾವಣಿ ನೀತಿಯನ್ನು ಜಾರಿಗೆ ತಂದಿದೆ. ಕರ್ನಾಟಕ ಆ ದಾರಿ ಹಿಡಿದು ಮೊದಲು ಶಾಲೆ, ಅಂಗನವಾಡಿಗಳಿಗೆ ಅನ್ವಯಿಸಬೇಕು. ದುಡ್ಡಿನ ಲೆಕ್ಕವೂ ಇದನ್ನೇ ಹೇಳುತ್ತದೆ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ತಿನ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್, ಅದನ್ನು ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ದಿನಕ್ಕೆ ಏಳೆಂಟು ಯೂನಿಟ್ ಎಳೆಯುವ ಎಸಿ ಒಂದೇ ಆ ಮಿತಿಯನ್ನು ಮೀರಿಸುತ್ತದೆ. 30 ವ್ಯಾಟಿನ ಹೊಸ ಬಗೆಯ ಫ್ಯಾನು ರಾತ್ರಿಯಿಡೀ ತಿರುಗಿದರೂ ಅರ್ಧ ಯೂನಿಟ್ ಮುಟ್ಟುವುದಿಲ್ಲ.

ಆದರೆ ಊರಿನ ಸಾಮೂಹಿಕ ತಂಪಿಗೆ ಕಂಪ್ಯೂಟರ್ ಬೇಕು. ಹಾಲಿನ ಡೇರಿಯ ಶೀತಲೀಕರಣ ಘಟಕ ಬೆಚ್ಚಗಿನ ಹಾಲನ್ನು 4 ಡಿಗ್ರಿಗೆ ಇಳಿಸಬೇಕು. ನಡುವೆ ಕರೆಂಟ್ ಹೋದರೆ, ಗ್ಯಾಸ್ ಕಡಿಮೆಯಾದರೆ ಹಾಲು ಒಡೆಯುತ್ತದೆ, ನಷ್ಟ ರೈತನದ್ದು. ನಿನ್ನೆ ಇಷ್ಟೇ ಹಾಲು ತಂಪಾಗಲು ಹಿಡಿದ ಹೊತ್ತಿಗಿಂತ ಇಂದು ಹೆಚ್ಚು ಹಿಡಿಯುತ್ತಿದೆ ಎಂದು ಗುರುತಿಸಿ, ಪೂರ್ತಿ ಕೆಡುವ ಮೊದಲೇ ಮೆಕ್ಯಾನಿಕ್‌ಗೆ ಸುದ್ದಿ ಮುಟ್ಟಿಸುವ ಸಣ್ಣ ತಂತ್ರಾಂಶ ಇಲ್ಲಿ ದೊಡ್ಡ ಉಪಕಾರ. ಬಹುಪಾಲು ಲಸಿಕೆಗಳು 2ರಿಂದ 8 ಡಿಗ್ರಿಯೊಳಗೆ ಇರಬೇಕು. ಇದಕ್ಕಾಗಿ 2015ರಲ್ಲಿ ಶುರುವಾದ ‘ಇ-ವಿನ್’ ಜಾಲ ದೇಶದ ಸಾವಿರಾರು ಶೀತ ಸರಪಳಿ ಕೇಂದ್ರಗಳ ತಾಪವನ್ನು ಸೆನ್ಸರ್‌ಗಳಿಂದ ಅಳೆದು ಕಳುಹಿಸುತ್ತಿದೆ. ಅಂದರೆ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಸೆನ್ಸರ್ ಹೊಸ ಅತಿಥಿಯಲ್ಲ. ಆ ಫ್ರಿಜ್‌ಗೆ ಸಿಕ್ಕ ಕಾಳಜಿ ಪಕ್ಕದ ಹೆರಿಗೆ ಕೋಣೆಗೂ ಸಿಗಬೇಕು. ಬಾಣಂತಿಯೂ ಹಸುಗೂಸೂ ಎಷ್ಟು ಬಿಸಿಯಲ್ಲಿ ಮಲಗಿದ್ದಾರೆ ಎಂಬುದನ್ನು ಅಳೆಯದೆ ಅವರಿಗೆ ತಂಪು ಒದಗಿಸಲು ಸಾಧ್ಯವಿಲ್ಲ. ತಾಲ್ಲೂಕು ಆಸ್ಪತ್ರೆ, ಶೀತಲ ಗೋದಾಮು, ನೂಲಿನ ಗಿರಣಿಗಳೂ ಇದೇ ಪಟ್ಟಿಗೆ ಸೇರುತ್ತವೆ.

ಇದಕ್ಕೆ ಬೇಕಾದ ಜನ ನಮ್ಮಲ್ಲೇ ಇದ್ದಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಬೆಳಗಾವಿ. ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲೇ ಎಂಜಿನಿಯರಿಂಗ್ ಕಾಲೇಜಿದೆ. ಅಂತಿಮ ವರ್ಷದ ವಿದ್ಯಾರ್ಥಿಗಳು ಪರದೇಶದ ಕಟ್ಟಡಗಳ ದತ್ತಾಂಶ ಇಳಿಸಿಕೊಂಡು ಪ್ರಾಜೆಕ್ಟ್ ಬರೆಯುವ ಬದಲು ಸುತ್ತಲಿನ ಶಾಲೆ, ಡೇರಿ, ಆಸ್ಪತ್ರೆಗಳಲ್ಲಿ ಒಂದು ವರ್ಷ ತಾಪ ಮತ್ತು ತೇವಾಂಶ ಅಳೆಯಲಿ. ಮಾಳಿಗೆ ಮನೆ, ಪತ್ರಾಸಿನ ಮನೆ, ಕಾಂಕ್ರೀಟ್ ಮನೆಗಳ ನಿಜವಾದ ಅಂಕಿಗಳು ಕನ್ನಡದಲ್ಲಿ ದಾಖಲಾಗಲಿ. ಉತ್ತರ ಕರ್ನಾಟಕದ ಹವೆಗೆ ಒಗ್ಗುವ ಯಾವ ಮಾದರಿಯೂ ಆ ಅಂಕಿಗಳಿಲ್ಲದೆ ಹುಟ್ಟಲಾರದು.

ತೀರ್ಮಾನ

ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 100 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚು ಸಂಪರ್ಕ ಹೊರೆಯಿರುವ ವಾಣಿಜ್ಯ ಕಟ್ಟಡಗಳಿಗೆ ಅನ್ವಯಿಸುತ್ತದೆ. ಇಂಧನ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ವಸತಿ ಕಟ್ಟಡಗಳನ್ನೂ ಕಾನೂನಿನ ವ್ಯಾಪ್ತಿಗೆ ತರುವ ದಾರಿ ತೆರೆದಿದೆ. ಇವನ್ನು ನಕ್ಷೆ ಮಂಜೂರು ಮಾಡುವ ಹೊತ್ತಿನಲ್ಲೇ ನಗರಸಭೆ, ಪುರಸಭೆಗಳು ಕಟ್ಟುನಿಟ್ಟಾಗಿ ನೋಡಬೇಕು. ಸರ್ಕಾರ ಕೃತಕ ಬುದ್ಧಿಮತ್ತೆಗೆ ಹಣ ಕೊಡುವಾಗ ಮೂರು ಷರತ್ತು ಹಾಕಲಿ: ಆ ಕಟ್ಟಡದ ಸೂರು, ಕಿಟಕಿ ಮೊದಲು ಸರಿಯಾಗಿರಬೇಕು, ವ್ಯವಸ್ಥೆ ಹಾಕುವ ಮುಂಚಿನ ಒಂದು ವರ್ಷದ ಬಿಲ್ಲು, ಹಾಕಿದ ಮೇಲಿನ ಒಂದು ವರ್ಷದ ಬಿಲ್ಲು ಎರಡನ್ನೂ ಹವಾಮಾನದ ವ್ಯತ್ಯಾಸ ಲೆಕ್ಕಕ್ಕೆ ಹಿಡಿದು ಬಹಿರಂಗಪಡಿಸಬೇಕು, ದತ್ತಾಂಶ ಕಟ್ಟಡದ ಮಾಲೀಕರ ಕೈಯಲ್ಲೇ ಉಳಿಯಬೇಕು.

ಓದುಗರಲ್ಲಿ ಒಂದು ವಿನಂತಿ. ಹೊಸ ಮನೆ ಕಟ್ಟಿಸುವವರು ಎಸಿಗೆ ಎಷ್ಟು ಟನ್ ಎಂದು ಕೇಳುವ ಮುನ್ನ ಚಾವಣಿಗೆ ಏನು ಹೊದಿಸುತ್ತೀರಿ ಎಂದು ಮೇಸ್ತ್ರಿಯನ್ನು ಕೇಳಿ. ಕಚೇರಿ, ಆಸ್ಪತ್ರೆ, ಡೇರಿ ನಡೆಸುವವರು ತಂತ್ರಾಂಶ ಕೊಳ್ಳುವ ಮುನ್ನ ಒಂದು ಮೀಟರ್ ಹಾಕಿಸಿ, ಕೆಟ್ಟ ವಾಲ್ವು ರಿಪೇರಿ ಮಾಡಿಸಿ. ಅಷ್ಟು ಮಾಡಿದ ಮೇಲೂ ಉಳಿಯುವ ದುಂದನ್ನು ಹಿಡಿಯಲು ಕೃತಕ ಬುದ್ಧಿಮತ್ತೆ ಸಮರ್ಥ ಸಾಧನ. ಆಗ ಅದಕ್ಕೆ ಖರ್ಚು ಮಾಡಿದ ಪ್ರತಿ ರೂಪಾಯಿಯೂ ಸಾರ್ಥಕ.